ದೊಡ್ಡಪ್ಪನ ಕಾಲು

ಎಡ ಯಾವುದು ಬಲ ಯಾವುದು ಅಂತ ನನಗೆ ಥಟ್ಟನೆ ಹೊಳೆಯುವುದಿಲ್ಲ. ನಮ್ಮ ಮನೆಯಲ್ಲಿ ಇದು ಗುಟ್ಟಲ್ಲ, ಊಟದ ಹೊತ್ತಿನ ತಮಾಷೆ. ಅಪ್ಪ ಬಸ್ ಓಡಿಸುವವರು, ಯಾವ ಗಲ್ಲಿಯಲ್ಲಿ ಬಿಟ್ಟರೂ ದಾರಿ ಹುಡುಕಿಕೊಂಡು ಬರುವವರು. ಅಂಥವರು ಒಂದು ಸಲ ಸ್ಕೂಟರಿನ ಹಿಂದೆ ಕೂತ ಮಗಳ ಮಾತು ನಂಬಿ ತಿರುಗಿದರು, ಇಬ್ಬರೂ ಗುರುತು ಪರಿಚಯವಿಲ್ಲದವರ ಮದುವೆಯಲ್ಲಿ ಹೊಟ್ಟೆ ತುಂಬ ಊಟ ಮಾಡಿ ಬಂದೆವು. ಅಣ್ಣ ಅಂದಿನಿಂದ ನನ್ನನ್ನು ಎಡಬಿಡಂಗಿ ಎಂದೇ ಕರೆಯುತ್ತಾನೆ.

ತಪ್ಪು ಪೂರ್ತಿ ನನ್ನದಲ್ಲ. ಅಮ್ಮ ಟೈಲರ್, ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ನಾನು ಬರೆಯುವುದು ಎಡಗೈಯಲ್ಲಿ. ಆದರೆ ಅಮ್ಮನ ದೊಡ್ಡ ಕತ್ತರಿಯ ಹಿಡಿಯನ್ನು ಬಲಗೈ ಬೆರಳಿಗೆ ಕೂರುವ ಹಾಗೆ ಮಾಡಿದ್ದಾರೆ, ಎಡಗೈಯಲ್ಲಿ ಹಿಡಿದರೆ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಹೀಗಾಗಿ ಪೆನ್ಸಿಲ್ಲಿಗೆ ಒಂದು ಕೈ, ಕತ್ತರಿಗೆ ಒಂದು ಕೈ ಅಂತ ಚಿಕ್ಕಂದಿನಲ್ಲೇ ಪಾಲಾಯಿತು. 'ಬರೆಯೋ ಕೈ ಬಲಗೈ' ಎಂದು ಶಾಲೆಯಲ್ಲಿ ಹೇಳಿಕೊಟ್ಟ ದಿನ ತಪ್ಪಿದ ಲೆಕ್ಕ ಆಮೇಲೆ ಸರಿಹೋಗಲೇ ಇಲ್ಲ. ಅಮ್ಮ ನನ್ನ ಯೂನಿಫಾರ್ಮಿನ ಎಡತೋಳಿನ ಮಡಿಕೆಯ ಒಳಗೆ ದಾರದ ಒಂದು ಪುಟ್ಟ ಗಂಟು ಹಾಕಿಕೊಟ್ಟಳು. ಬೆರಳಿಗೆ ಗಂಟು ಸಿಕ್ಕ ಕಡೆ ಎಡ. ಹನ್ನೆರಡು ವರ್ಷ ನಾನು ಆ ಗಂಟನ್ನು ಸವರಿಕೊಂಡೇ ಪಾಸಾದೆ. ಮೆಡಿಕಲ್ ಸೀಟು ಸಿಕ್ಕಾಗ ಅಮ್ಮ ಬಿಳಿ ಕೋಟು ಹೊಲಿದಳು. ಅದರ ಎಡತೋಳಿನಲ್ಲೂ ಗಂಟು ಇತ್ತು.

ಇದಕ್ಕಿಂತ ದೊಡ್ಡ ರೋಗ ಇನ್ನೊಂದಿತ್ತು. ನಾನು ಎಡ ಎಂದಾಗ ಎದುರಿನವರ ಹುಬ್ಬು ಕೂದಲೆಳೆಯಷ್ಟು ಮೇಲೆ ಹೋದರೂ ಸಾಕು, 'ಅಲ್ಲಲ್ಲ, ಬಲ' ಎಂದುಬಿಡುತ್ತಿದ್ದೆ. ಸರಿಯಾಗಿ ಹೇಳಿದ್ದನ್ನೂ ಹೀಗೆ ಎಷ್ಟೋ ಸಲ ಕೈಯಾರೆ ಕೆಡಿಸಿಕೊಂಡಿದ್ದೇನೆ.

ಅನಾಟಮಿಯ ಮೊದಲ ದಿನವೇ ನನ್ನ ಎಡಬಲದ ಬಣ್ಣ ಬಯಲಾಯಿತು. ಡಿಸೆಕ್ಷನ್ ಹಾಲ್ ಉದ್ದಕ್ಕೆ ಇತ್ತು, ಎತ್ತರದ ಕಿಟಕಿಗಳು, ಎರಡು ಸಾಲು ಸ್ಟೀಲ್ ಮೇಜು, ಕಣ್ಣಲ್ಲಿ ನೀರು ಬರಿಸುವ ಫಾರ್ಮಲಿನ್ ವಾಸನೆ. ಒಂದು ಮೇಜಿಗೆ ನಾವು ಹತ್ತು ಜನ. ನಮ್ಮ ಮೇಜಿನ ಮೇಲೆ ಮಲಗಿದ್ದವರು ಬದುಕಿದ್ದಾಗಲೇ ತಮ್ಮ ದೇಹವನ್ನು ಕಾಲೇಜಿಗೆ ಬರೆದುಕೊಟ್ಟಿದ್ದ ಒಬ್ಬ ಮುದುಕರು. ನನಗೆ ಭಯವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅವರ ಒಂದು ಭುಜ ಇನ್ನೊಂದಕ್ಕಿಂತ ತುಸು ಇಳಿದಿತ್ತು. ಅಮ್ಮನಾದರೆ ಆ ಕಡೆ ಕೋಟಿನ ಭುಜಕ್ಕೆ ಒಂದು ಪದರ ಹೆಚ್ಚಿಗೆ ಇಡುತ್ತಿದ್ದಳು ಅನ್ನಿಸಿತು, ಅಷ್ಟೇ.

"ಬಲ ತೋಳಿಂದ ಶುರು ಮಾಡಿ. ಎಡ ತೋಳು ಮಧ್ಯಾಹ್ನದ ಬ್ಯಾಚಿಗೆ, ಅದನ್ನ ಮುಟ್ಟಬೇಡಿ," ಎಂದರು ಮೇಡಂ. ವಿಭಾಗದ ಮುಖ್ಯಸ್ಥೆ ಅವರು, ಸಣ್ಣ ಆಳು, ಸಣ್ಣ ದನಿ. ಇಡೀ ಹಾಲ್ ಅವರೆದುರು ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಚಾಕುವಿನಿಂದ ಮೊದಲ ಗೆರೆ ಎಳೆಯಲು ಯಾರಾದರೂ ಮುಂದೆ ಬನ್ನಿ ಅಂದಾಗ ನಾನು ಬಂದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿದ್ದರಿಂದ ತೋಳಿನ ಗಂಟು ಸಿಗಲಿಲ್ಲ. ಎದುರಿಗಿದ್ದವರ ಬಲವನ್ನು ನನ್ನ ಬಲದ ಕಡೆ ಹುಡುಕಿ, ಮುಟ್ಟಬೇಡಿ ಎಂದಿದ್ದ ತೋಳಿನ ಮೇಲೇ ಎರಡು ಇಂಚು ಗೆರೆ ಎಳೆದೆ. ಪಕ್ಕದಲ್ಲಿದ್ದ ಹುಡುಗ ನನ್ನ ಮಣಿಕಟ್ಟು ಹಿಡಿದ. ಪಠ್ಯಪುಸ್ತಕವನ್ನು ಮೊದಲ ಪುಟದಿಂದ ಒಪ್ಪಿಸಬಲ್ಲ ಅವನನ್ನು ನಾವು ಗಿಳಿರಾಯ ಎನ್ನುತ್ತಿದ್ದೆವು.

ಮೇಡಂ ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆ.

"ಇವರಿಗೆ ನೋವಾಗಲ್ಲ. ಅದಕ್ಕೇ ನಿಮ್ಮನ್ನ ಇವರ ಹತ್ರ ಮೊದಲು ಕಳಿಸೋದು. ಮುಂದೆ ಮೇಜಿನ ಮೇಲೆ ಮಲಗೋರಿಗೆ ನೋವಾಗುತ್ತೆ. ಕೆಟ್ಟ ಕಿಡ್ನಿ ಎಡದಲ್ಲಿ ಇದ್ದಾಗ ನೀನು ಬಲದ್ದು ತೆಗೆದರೆ, ಕ್ಷಮಿಸಿ ಅನ್ನೋಕೆ ನಿನ್ನೆದುರು ಯಾರೂ ಉಳಿದಿರಲ್ಲ," ಎಂದರು.

ಅವರ ಮಾತು ಸರಿಯಾಗಿತ್ತು. ಅದೇ ನನಗೆ ಹೆಚ್ಚು ಚುಚ್ಚಿದ್ದು.

ನಮ್ಮ ಕಾಲೇಜಿನಲ್ಲಿ ಮೂಳೆಯ ವೈವಾ ಅಂತ ಒಂದು ಬಾಯಿಪರೀಕ್ಷೆ ಇದೆ. ಮೇಜಿನ ಮೇಲಿಂದ ಒಂದು ಮೂಳೆ ಕೈಗೆ ಕೊಡುತ್ತಾರೆ. ಯಾವ ಮೂಳೆ, ಯಾವ ಕಡೆಯದು, ಹೇಗೆ ಗೊತ್ತಾಯಿತು, ಈ ಮೂರನ್ನು ಹೇಳಬೇಕು. ಮೂರು ಅವಕಾಶ. ಮೂರರಲ್ಲೂ ತಪ್ಪಿದವರು ವರ್ಷದ ಪರೀಕ್ಷೆಗೆ ಕೂರುವಂತಿಲ್ಲ, ಮೊದಲ ವರ್ಷವನ್ನು ಮತ್ತೆ ಮೊದಲಿಂದ ಓದಬೇಕು. ವೈವಾ ಮುಚ್ಚಿದ ಬಾಗಿಲ ಹಿಂದೆ ನಡೆಯುವುದಿಲ್ಲ. ಬ್ಯಾಚಿನ ಉಳಿದ ಒಂಬತ್ತೂ ಜನ ಗೋಡೆಗೆ ಸಾಲಾಗಿ ನಿಂತು ಕೇಳಬೇಕು. ಒಬ್ಬರ ತಪ್ಪು ಹತ್ತು ಜನಕ್ಕೆ ಪಾಠ ಅನ್ನುವುದು ಮೇಡಂ ಅವರ ನಂಬಿಕೆ.

ಇನ್ನೊಂದು ಪದ್ಧತಿಯೂ ಇತ್ತು. ವೈವಾ ನಡೆಯುವ ಮೂಳೆ ಕೋಣೆಯ ಮೂಲೆಯಲ್ಲಿ, ಕಬ್ಬಿಣದ ಕಂಬಕ್ಕೆ ತಂತಿಯಿಂದ ಕಟ್ಟಿ ನಿಲ್ಲಿಸಿದ ಒಂದು ಪೂರ್ತಿ ಅಸ್ಥಿಪಂಜರ. ಯಾವ ಕಾಲದ ಹುಡುಗರು ಹೆಸರಿಟ್ಟರೋ, ಎಲ್ಲರಿಗೂ ಅದು ದೊಡ್ಡಪ್ಪ. ಉತ್ತರ ಹೇಳಿದ ಮೇಲೆ, ಸರಿಯಿರಲಿ ತಪ್ಪಿರಲಿ, "ದೊಡ್ಡಪ್ಪನ್ನ ಕೇಳ್ಕೊಂಡು ಬಾ," ಎನ್ನುತ್ತಿದ್ದರು ಮೇಡಂ. ಕೈಯಲ್ಲಿದ್ದ ಮೂಳೆಯನ್ನು ದೊಡ್ಡಪ್ಪನ ಮೈಯಲ್ಲಿರುವ ಅದೇ ಮೂಳೆಯ ಪಕ್ಕ ಹಿಡಿದು ನೋಡಿಕೊಂಡು ಬರಬೇಕು. ದೊಡ್ಡಪ್ಪ ಹೇಳಿದ್ದೇ ಕೊನೆಯ ಮಾತು.

ಮೊದಲ ವೈವಾದಲ್ಲಿ ನನಗೆ ತೋಳಿನ ಮೂಳೆ ಬಂತು. ಗಂಟು ಸವರಿಕೊಂಡು ಸರಿಯಾಗಿಯೇ "ಎಡ" ಎಂದೆ. ಮೇಡಂ ಕನ್ನಡಕ ಸರಿಮಾಡಿಕೊಂಡರು. ಬರೀ ಕನ್ನಡಕ, ಹುಬ್ಬೂ ಅಲ್ಲ. "ಅಲ್ಲ ಮೇಡಂ, ಬಲ," ಎಂದುಬಿಟ್ಟೆ. ಎರಡನೆಯ ಸಲ ಕೊರಳೆಲುಬು ಕೊಟ್ಟರು. ಎದುರಿಗೆ ನಿಂತವರ ಕೊರಳು ನೋಡುವ ಹಾಗೆ ಅದನ್ನು ಹಿಡಿದು ತಪ್ಪು ಹೇಳಿದೆ, ಮೇಡಂ ಸುಮ್ಮನಿದ್ದರು ಅಂತ ಇನ್ನೊಂದು ಹೇಳಿದೆ, ಆಮೇಲೆ ಮತ್ತೆ ಮೊದಲಿನದಕ್ಕೇ ಬಂದೆ.

"ಹರಾಜು ಕೂಗ್ತಾ ಇದ್ದೀಯಾ?" ಎಂದರು ಮೇಡಂ. ಗೋಡೆಗೆ ನಿಂತವರು ನಗು ತಡೆದುಕೊಂಡರು.

ಆ ಭಾನುವಾರ ಮನೆಗೆ ಹೋದೆ. ಮುಂದಿನ ಶನಿವಾರ ಮೂರನೇ ವೈವಾ. ಮೂರನೇ ಸಲಕ್ಕೆ ಬಂದವರಿಗೆ ಮೇಡಂ ಫಿಬುಲಾ ಕೊಡುತ್ತಾರೆ ಅಂತ ಸೀನಿಯರ್‌ಗಳು ಹೆದರಿಸಿದ್ದರು. ಮೊಣಕಾಲಿನ ಕೆಳಗೆ ಹೊರಮಗ್ಗುಲಿನಲ್ಲಿರುವ, ಕೋಲಿನಂಥ ಸಣಕಲು ಮೂಳೆ ಅದು. ಅದರ ಎಡಬಲ ಹೇಳುವುದು ಎಷ್ಟು ಕಷ್ಟ ಅಂದರೆ, ಬೇರೆ ಯಾರಿಗೂ ಅದನ್ನು ಕೇಳುವುದೇ ಇಲ್ಲವಂತೆ. ನಾನು ಬಾಗಿಲಲ್ಲೇ ಚೀಲ ಇಟ್ಟು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಒಂದು ವರ್ಷ ಹೋಗುತ್ತದೆ, ಹೋದರೆ ಹೋಗಲಿ, ಆದರೆ ಮೇಡಂ ಹೇಳಿದ್ದು ನಿಜ, ನನ್ನಂಥವಳು ಡಾಕ್ಟರ್ ಆಗಲೇಬಾರದೇನೋ ಎಂದೆ. ಹೇಳುತ್ತ ಅಳು ಬಂತು.

ಅಮ್ಮ ಮಿಷನ್ ನಿಲ್ಲಿಸಲಿಲ್ಲ. ಯಾವುದೋ ಹೋಟೆಲಿನ ಕೆಲಸಗಾರರ ಕೋಟುಗಳು, ನಾಳೆ ಕೊಡಬೇಕಾಗಿತ್ತು. "ಅಳೋದಿದ್ರೆ ಅಳು, ಹಾಗೇ ಆ ತೋಳುಗಳನ್ನ ಜೋಡಿಸಿಕೊಡು," ಎಂದಳು.

ನೆಲದ ಮೇಲೆ ಕತ್ತರಿಸಿ ಹಾಕಿದ ತೋಳುಗಳ ರಾಶಿ. ಹತ್ತನೇ ವಯಸ್ಸಿನಿಂದ ನಾನು ಮಾಡುತ್ತಿದ್ದ ಕೆಲಸ. ಮೂಗು ಒರೆಸಿಕೊಂಡು ಕೂತೆ. ಒಂದೊಂದನ್ನೇ ಎತ್ತಿ ಕಿಟಕಿಯ ಕಡೆ ಒಂದು ಗುಡ್ಡೆ, ಮಿಷನ್ ಕಡೆ ಒಂದು ಗುಡ್ಡೆ ಹಾಕುತ್ತ ಹೋದೆ. ತೋಳಿನ ಮೇಲ್ತುದಿ ಮುಂದಿನ ಕಡೆ ಹೆಚ್ಚು ಕೊರೆದಿರುತ್ತದೆ, ಬೆನ್ನಿನ ಕಡೆ ತುಂಬಿಕೊಂಡಿರುತ್ತದೆ. ಅದನ್ನು ಅದಲುಬದಲು ಮಾಡಿ ಹೊಲಿದರೆ ಕೋಟು ತೊಟ್ಟವನು ಕೈ ಮುಂದೆ ಚಾಚಲಾರ. ಮುಗಿಸುವ ಹೊತ್ತಿಗೆ ಅಳು ನಿಂತಿತ್ತು. ಅಮ್ಮ ಎದ್ದು ಬಂದು ಎರಡೂ ಗುಡ್ಡೆಯನ್ನು ಬೆರಳಿಂದ ಎಣಿಸುವ ಹಾಗೆ ಸರಸರ ನೋಡಿದಳು.

"ನಲವತ್ತು ತೋಳು. ಒಂದಾದ್ರೂ ತಪ್ಪಿದೆಯಾ? ಎಡಬಲ ಗೊತ್ತಿಲ್ಲ ಅಂದೋರು ಯಾರು?"

"ಇದು ಬೇರೆ ಅಮ್ಮ. ಇದಕ್ಕೆ ಎಡಬಲ ಯಾಕೆ, ಸುಮ್ನೆ ಹಾಕ್ಕೊಂಡ ಹಾಗೆ ಅಂದ್ಕೊಂಡ್ರೆ ಗೊತ್ತಾಗುತ್ತೆ."

"ಮತ್ತೆ ಮೂಳೆನೂ ಹಾಕ್ಕೊ." ಅಮ್ಮ ದಾರ ಕಚ್ಚಿ ತುಂಡು ಮಾಡಿದಳು. "ನಿನ್ನ ಎಡ ಬಲ ಯಾರು ಕೇಳಿದ್ರು? ಅದು ಹಾಕ್ಕೊಳ್ಳೋರ ತೋಳು. ಮೂಳೆನೂ ಯಾರೋ ಹಾಕ್ಕೊಂಡಿದ್ದೇ ತಾನೇ? ಮೊದಲು ಹಾಕ್ಕೊಂಡು ನೋಡು, ಹೆಸರು ಆಮೇಲೆ ಹೇಳು."

"ಹೆಸರು ಹೇಳುವಾಗಲೇ ತಪ್ಪೋದು."

"ಕತ್ತರಿ ಹಿಡಿಯುವಾಗ ತಪ್ಪುತ್ತಾ?"

ತಪ್ಪುವುದಿಲ್ಲ. ಹುಟ್ಟಿದಾಗಿನಿಂದ ಒಮ್ಮೆಯೂ ತಪ್ಪಿಲ್ಲ.

"ಕತ್ತರಿಗೆ ಬಲಗೈ ಬಿಟ್ಟು ಬೇರೆ ಗೊತ್ತೇ ಇಲ್ಲ. ಅದನ್ನ ಕೇಳು," ಎಂದು ಅಮ್ಮ ಮತ್ತೆ ಮಿಷನ್ನಿಗೆ ಹೋದಳು. ಆಮೇಲೆ, ತಿರುಗಿ ನೋಡದೆಯೇ, "ಇನ್ನೊಂದು. ಗಿರಾಕಿ ಮುಖ ಹುಳಿ ಮಾಡಿದ್ರು ಅಂತ ನಾನು ತೋಳು ಬಿಚ್ಚಿ ಆ ಕಡೆಗೆ ಹೊಲೀತೀನಾ?" ಎಂದಳು.

ಆ ವಾರ ಪೂರ್ತಿ ನಾನು ಮೂಳೆ ಕೋಣೆಯಲ್ಲಿ ಮೂಳೆಗಳನ್ನು ತೊಟ್ಟೆ. ಎದುರಿಗೆ ಹಿಡಿದು ನೋಡುವುದನ್ನೇ ಬಿಟ್ಟೆ. ತೋಳಿನದನ್ನು ತೋಳಿಗೆ, ತೊಡೆಯದನ್ನು ತೊಡೆಗೆ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದೆ. ಬಾಗಿಲಲ್ಲಿ ಹಳೆಯ ಅಟೆಂಡರ್ ಒಬ್ಬ ಕೂರುತ್ತಿದ್ದ. "ಅಳತೆ ಸರಿ ಇದೆಯೇನಮ್ಮ, ಇಲ್ಲ ದೊಡ್ಡ ಸೈಜು ಕೊಡ್ಲಾ?" ಎಂದು ಅವನು ದಿನಾ ಕೇಳುತ್ತಿದ್ದ.

ಶನಿವಾರ ಬಂತು. ಹಸಿರು ಬಟ್ಟೆ ಹಾಸಿದ ಮೇಜಿನ ಹಿಂದೆ ಮೇಡಂ, ಗೋಡೆಗೆ ಒಂಬತ್ತು ಜನ. ಸೀನಿಯರ್‌ಗಳ ಮಾತು ಸುಳ್ಳಾಗಲಿಲ್ಲ. ಮೇಡಂ ಫಿಬುಲಾವನ್ನೇ ನನ್ನ ಮುಂದಿಟ್ಟರು. ಅಭ್ಯಾಸಬಲದಿಂದ ನನ್ನ ಬೆರಳು ತೋಳಿನ ಮಡಿಕೆಯೊಳಗೆ ಹೋಯಿತು.

"ತೋಳಲ್ಲಿ ಏನಿದೆ?"

ಮೇಡಂ ಅವರ ಕಣ್ಣು ತಪ್ಪಿಸುವುದು ಸಾಧ್ಯವಿರಲಿಲ್ಲ. ಕಾಪಿ ಚೀಟಿ ಅಂದುಕೊಂಡಿದ್ದರು. ನಾನು ಮಡಿಕೆ ತಿರುಗಿಸಿ ತೋರಿಸಿದೆ. ದಾರದ ಗಂಟು. ಯಾಕೆ ಎಂದು ಕೇಳಿದರು, ಯಾಕೆ ಎಂದು ಹೇಳಿದೆ. ಒಂಬತ್ತು ಜನರ ಎದುರು ಅದನ್ನು ಹೇಳುವಾಗ ಕಿವಿ ಕಾದು ಕೆಂಪಾಯಿತು. ಮೇಡಂ ನಗಲಿಲ್ಲ.

"ಆಪರೇಷನ್ ಥಿಯೇಟರಿನಲ್ಲಿ ಈ ಕೋಟು ಇರಲ್ಲ. ತೆಗೆದಿಡು."

ಕೋಟನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದೆ. ಮೈ ಹಗುರಾದಂತೆ ಆಗಲಿಲ್ಲ, ಬೆತ್ತಲಾದಂತೆ ಆಯಿತು. ಮೂಳೆಯನ್ನು ಎತ್ತಿಕೊಂಡೆ.

"ಫಿಬುಲಾ ಮೇಡಂ. ಕಡೆ ಯಾವುದು ಅಂತ ಮೊದಲು ಹಾಕ್ಕೊಂಡು ತೋರಿಸ್ತೀನಿ, ಹೆಸರು ಆಮೇಲೆ ಹೇಳ್ತೀನಿ. ಆಗಬಹುದಾ?"

"ಹಾಕ್ಕೊ," ಎಂದರು. ಅವರ ದನಿಯಲ್ಲಿ ಕುತೂಹಲವಿತ್ತು.

ಬಗ್ಗಿ, ಚಪ್ಪಟೆ ತುದಿಯನ್ನು ಕೆಳಗೆ ಮಾಡಿ, ಕಾಲಿನ ಹೊರಮಗ್ಗುಲಿಗೆ ಒತ್ತಿ ಹಿಡಿದೆ. ನುಣುಪಾದ ಮುಖ ಒಳಗೆ, ಹಿಮ್ಮಡಿ ಗಂಟಿನ ಮೂಳೆಗೆ ತಾಗುವ ಹಾಗೆ ಇರಬೇಕು. ಅದರ ಪಕ್ಕದಲ್ಲೊಂದು ಪುಟ್ಟ ಗುಳಿ ಇದೆ, ಹೆಬ್ಬೆರಳು ಸರಿಯಾಗಿ ಕೂರುತ್ತದೆ. ಆ ಗುಳಿ ಹಿಂದೆ ಬರಬೇಕು. ಒಂದು ಕಾಲಿಗೆ ಇಟ್ಟೆ, ಗುಳಿ ಮುಂದೆ ಬಂತು. ಮುಂದೆ ತುಂಬಿಕೊಂಡ ತೋಳಿನ ಹಾಗೆ ಇರುಸುಮುರುಸು. ಇನ್ನೊಂದು ಕಾಲಿಗೆ ಇಟ್ಟೆ, ಗುಳಿ ಹಿಂದೆ ಹೋಗಿ ಮೂಳೆ ತೆಪ್ಪಗೆ ಕೂತಿತು.

"ಈ ಕಾಲಿದು ಮೇಡಂ."

"ದೊಡ್ಡಪ್ಪನ್ನ ಕೇಳ್ಕೊಂಡು ಬಾ."

ದೊಡ್ಡಪ್ಪನ ಪಾದ ನೆಲದಿಂದ ಗೇಣುದ್ದ ಮೇಲೆ ತೂಗುತ್ತದೆ. ಎಲ್ಲರೂ ನಿಂತೇ ಬಗ್ಗಿ ನೋಡುತ್ತಿದ್ದರು. ಪ್ಯಾಂಟಿನ ಉದ್ದ ಅಳೆದು ಪಿನ್ ಚುಚ್ಚುವಾಗ ಗಿರಾಕಿಗಳ ಕಾಲಬುಡದಲ್ಲಿ ಕೂತು ಬೆಳೆದವಳು ನಾನು. ಅಭ್ಯಾಸದಂತೆ ನೆಲದ ಮೇಲೆ ಕೂತುಬಿಟ್ಟೆ. ಅವನ ಮೈಯನ್ನೂ ನಾನೇ ತೊಟ್ಟ ಹಾಗೆ ಅಂದುಕೊಂಡು, ಅದೇ ಕಡೆಯ ಕಾಲಿನ ಪಕ್ಕ ನನ್ನ ಮೂಳೆಯನ್ನು ಹಿಡಿದೆ.

ಹೊಂದಲಿಲ್ಲ. ನನ್ನದರ ಗುಳಿ ಹಿಂದೆ, ಅವನದರ ಗುಳಿ ಮುಂದೆ.

ಇನ್ನೊಂದು ಕಾಲಿಗೆ ಸರಿದೆ. ಅಲ್ಲಿ ಕಟ್ಟಿದ್ದ ಮೂಳೆ ನನ್ನ ಕೈಯಲ್ಲಿದ್ದುದರ ಪಡಿಯಚ್ಚು. ಅಂದರೆ ದೊಡ್ಡಪ್ಪನ ಪ್ರಕಾರ ನಾನು ತಪ್ಪು. ಹಿಂದಿನಿಂದ ಯಾರೋ ಕಿಸಕ್ಕೆಂದರು. 'ಅಯ್ಯೋ ಅಲ್ಲ ಮೇಡಂ, ಆ ಕಾಲು' ಎಂಬ ಮಾತು ಗಂಟಲಿಗೆ ಬಂದೇ ಬಂತು.

"ಏನಂತಾರೆ ದೊಡ್ಡಪ್ಪ?" ಮೇಡಂ ಕೇಳಿದರು.

"ನಂದು ತಪ್ಪು ಅಂತಾರೆ."

ಮೇಡಂ ಹುಬ್ಬು ಮೇಲೇರಿತು. ಈ ಸಲ ಪೂರ್ತಿ ಮೇಲೇರಿತು. "ಹಾಗಾದ್ರೆ? ಮಾತು ಬದಲಾಯಿಸ್ತೀಯಾ?"

ನಾನು ದೊಡ್ಡಪ್ಪನ ಕಾಲನ್ನು ಮತ್ತೆ ನೋಡಿದೆ. ಈ ಕಡೆ ಗುಳಿ ಮುಂದೆ. ಆ ಕಡೆಯೂ ಗುಳಿ ಮುಂದೆ. ಮೂಳೆಯ ಮೇಲೆ ಬೆರಳಿಟ್ಟಾಗ, ಕಿಟಕಿ ಕಡೆಯ ಗುಡ್ಡೆಗೆ ಬಿದ್ದ ಮಿಷನ್ ಕಡೆಯ ತೋಳನ್ನು ಮುಟ್ಟಿದ ಹಾಗೆಯೇ ಇತ್ತು. ಗಿರಾಕಿ ಮುಖ ಹುಳಿ ಮಾಡಿದರು ಅಂತ ತೋಳು ಬಿಚ್ಚುವುದಿಲ್ಲ.

"ಇಲ್ಲ ಮೇಡಂ. ನಾನು ಹೇಳಿದ್ದು ಸರಿ ಇದೆ. ದೊಡ್ಡಪ್ಪನ ಕಾಲೇ ಅದಲುಬದಲಾಗಿದೆ."

ಗಿಳಿರಾಯನ ಪಿಸುದನಿ ಎಲ್ಲರಿಗೂ ಕೇಳಿಸಿತು. "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ."

ಮೇಡಂ ಅವನತ್ತ ನೋಡಲಿಲ್ಲ. ಎದ್ದು ಬಂದರು. ಬಂದು, ನಾವು ಯಾರೂ ಎಣಿಸದ ರೀತಿಯಲ್ಲಿ, ಕೋಟು ಮಡಚಿಕೊಂಡು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು. ಕನ್ನಡಕ ತೆಗೆದರು. ಹೆಬ್ಬೆರಳಿನಿಂದ ದೊಡ್ಡಪ್ಪನ ಒಂದು ಕಾಲಿನ ಗುಳಿ ಮುಟ್ಟಿದರು, ಇನ್ನೊಂದರ ಗುಳಿ ಮುಟ್ಟಿದರು. ನನ್ನ ಕೈಯಿಂದ ಮೂಳೆ ತೆಗೆದುಕೊಂಡು ಅದರ ಗುಳಿಯನ್ನೂ ಮುಟ್ಟಿದರು. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ, ನನಗೆ ಅದು ಒಂದು ವರ್ಷದಷ್ಟು ಆಯಿತು.

"ಅಟೆಂಡರ್ ಇದ್ದಾನಾ? ಕರೀರಿ," ಎಂದರು.

ಅಟೆಂಡರ್ ಬಂದು ಕೈಕಟ್ಟಿ ನಿಂತ. ದೊಡ್ಡಪ್ಪನನ್ನು ಯಾವಾಗಲಾದರೂ ಬಿಚ್ಚಿದ್ದೆಯಾ ಎಂದು ಮೇಡಂ ಕೇಳಿದರು.

"ಒಂದೇ ಸಲ ಮೇಡಂ. ಆರು ವರ್ಷದ ಹಿಂದೆ ಗೋಡೆಗೆ ಬಣ್ಣ ಹೊಡೆಯೋರು ಬಂದಾಗ. ಕಾಲಿನ ತಂತಿ ತುಕ್ಕು ಹಿಡಿದಿತ್ತು, ಹೊಸದು ಹಾಕಿ ಕಟ್ಟಿದೆ. ಆ ಸಣ್ಣ ಮೂಳೆ ಎರಡೂ ಒಂದೇ ಥರ ಕಾಣಿಸ್ತು." ಮೇಡಂ ಮುಖ ನೋಡಿ ಅವನಿಗೆ ಅರ್ಥವಾಯಿತು. "ಆದ್ರೆ ಆರು ವರ್ಷದಲ್ಲಿ ಒಂದು ದಿನವೂ ಕುಂಟಿಲ್ಲ ಮೇಡಂ."

ಮೊದಲು ನಕ್ಕವರು ಮೇಡಂ. ಆಮೇಲೆ ಇಡೀ ಕೋಣೆ ನಕ್ಕಿತು, ಗಿಳಿರಾಯನೂ ಸೇರಿ. ನಗು ಮುಗಿದ ಮೇಲೆ ಅವರ ಮುಖ ಗಂಭೀರವಾಯಿತು. "ಆರು ವರ್ಷ. ನಾನು ದಿನಾ ಇದರ ಮುಂದೆ ಓಡಾಡ್ತೀನಿ, ಒಂದು ದಿನ ಬಗ್ಗಿ ನೋಡ್ಲಿಲ್ಲ. ಅಷ್ಟು ವರ್ಷದಲ್ಲಿ ಎಷ್ಟು ಮಕ್ಕಳು ಇಲ್ಲಿಗೆ ಬಂದು ಸರಿಯಾದ ಮಾತನ್ನ ಬದಲಾಯಿಸಿ ಫೇಲಾದ್ರೋ." ಇದನ್ನು ಅವರು ನಮಗೆ ಹೇಳಲಿಲ್ಲ, ತಮಗೇ ಹೇಳಿಕೊಂಡರು. ಆಮೇಲೆ ನನ್ನತ್ತ ತಿರುಗಿದರು.

"ನಿಂದು ಇನ್ನೂ ಮುಗಿದಿಲ್ಲ. ಹೆಸರು ಆಮೇಲೆ ಹೇಳ್ತೀನಿ ಅಂದಿದ್ದೆ. ಎಡವೋ, ಬಲವೋ?"

ಕೋಟು ಕುರ್ಚಿಯ ಮೇಲಿತ್ತು. ನಾನು ಅದರ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ ಅಮ್ಮನ ಕತ್ತರಿ ಎತ್ತಿಕೊಂಡೆ. ಅದರ ತಣ್ಣನೆಯ ಭಾರ ನೇರವಾಗಿ ಒಂದು ಕೈಗೇ ಬಂದು ಕೂತಿತು, ಬೇರೆ ಕೈಯನ್ನು ಕೇಳಲೇ ಇಲ್ಲ. ಮೂಳೆ ಹಿಡಿದ ಕಾಲೂ ಆ ಕೈಯ ಕಡೆಯದೇ.

"ಬಲ," ಎಂದೆ.

ಮೇಡಂ ಕನ್ನಡಕ ಹಾಕಿಕೊಂಡರು. ಸರಿಮಾಡಿಕೊಂಡರು. ಹುಬ್ಬು ಎತ್ತಿದರು. ಬೇಕೆಂದೇ ಮಾಡುತ್ತಿದ್ದಾರೆ ಅಂತ ಗೊತ್ತಾಯಿತು.

"ಬಲ ಮೇಡಂ," ಎಂದೆ ಮತ್ತೆ. ಸಂತೋಷಕ್ಕೆ ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಪಾಸ್," ಎಂದು ಅವರು ಕೈ ಚಾಚಿದರು, ನಾನು ಎದ್ದು, ಹಿಡಿದು ಎಬ್ಬಿಸಿದೆ. "ಸೋಮವಾರದಿಂದ ಈ ಕೋಣೆಯ ಮೂಳೆಪೆಟ್ಟಿಗೆ ಅಷ್ಟೂ ನಿನ್ನ ಜವಾಬ್ದಾರಿ. ಒಂದೊಂದನ್ನೂ ಹಾಕ್ಕೊಂಡು ನೋಡು, ಎಡಕ್ಕೆ ಎಡ ಅಂತ ಬರಿ, ಬಲಕ್ಕೆ ಬಲ ಅಂತ ಬರಿ. ಇನ್ನು ಮೇಲೆ ವೈವಾದಲ್ಲಿ ತಕರಾರು ಬಂದ್ರೆ ದೊಡ್ಡಪ್ಪನ ಜೊತೆ ನಿನ್ನನ್ನೂ ಕೇಳ್ತೀವಿ."

ಗಿಳಿರಾಯ ನನ್ನ ಕೋಟನ್ನು ತಂದುಕೊಟ್ಟ. "ಈ ಸಲ ನೆಲ ನಿಜವಾಗ್ಲೂ ಡೊಂಕಾಗಿತ್ತು ಕಣೇ," ಎಂದ. ಅವನ ಮಟ್ಟಿಗೆ ಅದೇ ಕ್ಷಮೆ. ನಾನು ಒಪ್ಪಿಕೊಂಡೆ.

ಮಧ್ಯಾಹ್ನ ಅಟೆಂಡರ್ ಇಕ್ಕಳ ತಂದ. ನಾನು ನೆಲದ ಮೇಲೆ ಕೂತು ಹಿಡಿದುಕೊಂಡೆ, ಅವನು ತಂತಿ ಬಿಚ್ಚಿ ಎರಡೂ ಮೂಳೆಯನ್ನು ಅದರದರ ಕಾಲಿಗೆ ಕಟ್ಟಿದ. ಗುಳಿ ಎರಡೂ ಹಿಂದಕ್ಕೆ ಹೋದವು. ಇಷ್ಟು ವರ್ಷದ ಮೇಲೆ ದೊಡ್ಡಪ್ಪ ನೆಟ್ಟಗೆ ನಿಂತ. ರಟ್ಟಿನ ಎರಡು ಚೀಟಿಯ ಮೇಲೆ ನಾನು ನನ್ನ ಎಡಗೈಯಿಂದ 'ಬಲ' ಎಂದೂ 'ಎಡ' ಎಂದೂ ಬರೆದು ಕಟ್ಟಿದೆ. ಆಮೇಲೆ ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ.

ಪೂರ್ತಿ ಕೇಳಿಸಿಕೊಂಡು ಅಮ್ಮ, "ಪಾಪ, ಆರು ವರ್ಷ ಬೇರೆ ಕಾಲಲ್ಲಿ ನಿಂತಿದ್ನಾ ಮನುಷ್ಯ," ಎಂದಳು. ಹಿಂದೆ ಅಪ್ಪ ಏನೋ ಕೇಳಿದರು, ಅಣ್ಣ ಎಡಬಿಡಂಗಿ ಎಂದು ಕೂಗಿದ, ಯಾರೋ ತಟ್ಟೆ ಬಡಿದರು. ಅಮ್ಮ ಮೂಗೆಳೆದ ಸದ್ದು ಕೇಳಿತು. ಅವಳ ಮಿಷನ್ ನಿಂತಿತ್ತು ಅಂತ ನನಗೆ ಆಗ ಗೊತ್ತಾಯಿತು.

"ಅಮ್ಮಾ, ಇನ್ನು ಕೋಟಿನ ಗಂಟು ಬಿಚ್ಚಿಬಿಡ್ಲಾ?"

"ಮುಟ್ಟಬೇಡ," ಎಂದಳು ಅಮ್ಮ. "ಅದನ್ನ ಬಿಚ್ಚಿದ್ರೆ ಮಡಿಕೆ ಪೂರ್ತಿ ಬಿಚ್ಕೊಳ್ಳುತ್ತೆ. ಡಾಕ್ಟರ ತೋಳು ಜೋತು ಬಿದ್ರೆ ನೋಡಿದವರು ಟೈಲರನ್ನ ಬೈತಾರೆ."